ಸಂಕಟ

ಗೀಲಾಂಗ್ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಲ್ಲಿ ಕೊಲ್ಲಿಯ ಒಂದು ಚೂರು, ಕರವಸ್ತ್ರದಷ್ಟು.
ನಾನು ದುಭಾಷಿ. ಗಂಟೆಗಿಷ್ಟೆಂದು ನನ್ನ ಬಾಯಿ ಬಾಡಿಗೆಗೆ.
ಸೇರಿಸಬಾರದು, ಬಿಡಬಾರದು,
ಅವರು ನಾನು ಅಂದರೆ ನಾನೂ ನಾನು ಅನ್ನಬೇಕು.
ಹಾಗಾಗಿ ಈ ಚಳಿಗಾಲವೆಲ್ಲ ನನಗೆ ಅಂಡಾಶಯದ ಕ್ಯಾನ್ಸರ್,
ಮೂರನೇ ಹಂತ.

ನೀಲಗಂಗಾ ಸಜ್ಜನ, ಐವತ್ತಾರು.
ಪ್ಯಾಕಿಂಗ್ಟನ್ ಬೀದಿಯಲ್ಲಿ ಬಟ್ಟೆ ಸರಿಮಾಡುವ ಅಂಗಡಿ;
ಊರಿನ ಅರ್ಧಕ್ಕರ್ಧ ಮದುವಣಗಿತ್ತಿಯರ ಸೊಂಟದಳತೆ ಬಾಯಿಪಾಠ.

ಎಲ್ಲರನ್ನೂ ಕೇಳುತ್ತೇವೆ, ಅನ್ನುತ್ತಾಳೆ ನರ್ಸ್ ಬ್ರಾನ್‌ವಿನ್,
ನಿಮ್ಮೊಬ್ಬರನ್ನೇ ಅಲ್ಲ.
ಹಾಳೆಯ ಮೇಲೆ ಥರ್ಮಾಮೀಟರಿನ ಚಿತ್ರ, ಸೊನ್ನೆಯಿಂದ ಹತ್ತು.
ಕಳೆದ ಏಳು ದಿನ ಮನಸ್ಸು ಎಲ್ಲಿತ್ತು, ಗುರುತು ಹಾಕಿ.
ನೀಲಗಂಗಾ ಕನ್ನಡಕ ಮೂಗಿನ ತುದಿಗಿಳಿಸಿ
"ಇದು ಇಂಚೇನ್ರಿ, ಸೆಂಟಿಮೀಟರೇನ್ರಿ?"
ಮೊದಲು ನಾನು ನಕ್ಕೆ. ಬ್ರಾನ್‌ವಿನ್ ನಗು ಒಂದು ವಾಕ್ಯ ತಡವಾಗಿ ಬಂತು.

"ಆರಾಮ ಅದೀನ್ರಿ."
ಆರಾಮವನ್ನು ದಾಟಿಸಿದೆ, ಸೊನ್ನೆಯ ಪಕ್ಕ ಗೆರೆ ಬಿತ್ತು.
ನಿದ್ದೆ? "ಕೀಮೋ ರೀ."
ಊಟ? "ನಾಲಗಿ ಸತ್ತೈತಿ, ಕೀಮೋ."
ಸುಸ್ತು? "ಅದೂ ಕೀಮೋನ."
ಎಲ್ಲ ಬೀಗಕ್ಕೂ ಅದೊಂದೇ ಕೀಲಿ.
ಆಮೇಲೆ ಬಾಗಿಲ ಕಡೆ ನೋಡುತ್ತ, ಪ್ರತಿ ಸಲದಂತೆ:
"ಹೊಟ್ಟ್ಯಾಗ ಸಂಕಟ ಆಕ್ಕೈತ್ರಿ, ಅಷ್ಟ."

ನಾನು ನಂಜನಗೂಡಿನ ಕಡೆ. ನಮ್ಮಲ್ಲಿ ಸಂಕಟವೆಂದರೆ
ಬಾಯಲ್ಲಿ ನೀರೂರಿ ಬಚ್ಚಲಿಗೆ ಓಡುವುದು.
ಹಾಗೇ ಹೇಳಿದ್ದೆ ಜೂನ್‌ನಲ್ಲಿ. ಜುಲೈನಲ್ಲೂ.
ವಾಂತಿಯ ಮಾತ್ರೆ ಬರೆದರು. ಡೋಸ್ ಏರಿಸಿದರು.
ನುಂಗಿದಳು, ಕೊಟ್ಟವರ ಮನಸ್ಸು ನೋಯದಿರಲೆಂದು.

ಮೊದಲು ಖುಷಿ ಕೊಡುತ್ತಿದ್ದ ಕೆಲಸ, ಈಗಲೂ ಕೊಡುತ್ತದೆಯೇ?
"ಸೂಜಿಗೆ ದಾರ ಪೋಣಸಾಕ ಆಗವಲ್ದು."
ಬ್ರಾನ್‌ವಿನ್ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿದಳು.
ಜೋಮು? ಈ ಔಷಧಿಯಿಂದ ಆಗುವುದುಂಟು.
"ಬೆರಳಿಗೆ ಆಕ್ಕೈತ್ರಿ. ನನಗ ಆಗವಲ್ದು.
ಬಿಳಿ ಬಟ್ಟಿ ಮುಂದ ಕುಂತಿರ್ತೀನಿ, ನೋಡಿದ್ರ ಸಂಜಿ ಆಗಿರತೈತಿ.
ಸಂಕಟ ರೀ ಹೊಟ್ಟ್ಯಾಗ."
ಕೈ ಮಾತ್ರ ಹೊಟ್ಟೆಯ ಮೇಲಿರಲಿಲ್ಲ.
ಅಳತೆಯ ಟೇಪು ತೂಗುತ್ತಿದ್ದ ಜಾಗದಲ್ಲಿತ್ತು, ಎದೆಯ ನಡುವೆ.

ನಾಲಗೆ ಆ ಹಳೆಯ ಪದಕ್ಕೆ ಅರ್ಧ ಎದ್ದಿತ್ತು.
ನಿಂತಿತು.
"ದುಭಾಷಿ ಮಾತಾಡುತ್ತಿದ್ದೇನೆ" ಅಂದೆ, ನನಗಿರುವ ಒಂದೇ ಕಿಂಡಿ ಅದು,
"ಒಂದು ಪದ ಸರಿಪಡಿಸಬೇಕು. ಜೂನ್‌ನಿಂದ."

ಅಕ್ಕಾ, ವಾಂತಿ ಬಂದ ಹಾಗಾ?
ತಪ್ಪು ಅಳತೆಯ ರವಿಕೆಯನ್ನು ನೋಡುವಂತೆ ನನ್ನನ್ನು ನೋಡಿದಳು.
"ವಾಂತಿ ಯಾಕ ಬರ್ತೈತ್ರಿ? ಯಾರರ ಸತ್ತಾಗ ಆಕ್ಕೈತಲ್ಲ, ಹಂಗ.
ಸತ್ತವ್ರು ಯಾರೂ ಇಲ್ಲ. ದಿನಾ ಆಕ್ಕೈತಿ."

ಪದ ಸಿಗಲಿಲ್ಲ, ಇಡೀ ಮಾತನ್ನೇ ಹೊತ್ತು ದಾಟಿಸಿದೆ.
ಬ್ರಾನ್‌ವಿನ್ ಪೆನ್ನು ಕೆಳಗಿಟ್ಟಳು. ಕುರ್ಚಿ ಹತ್ತಿರ ಎಳೆದಳು.
ಬದುಕು ಬೇಡವೆನಿಸಿದೆಯೇ, ಕೇಳಿದಳು, ಸುತ್ತುಬಳಸದೆ;
ನಾನೂ ಸುತ್ತುಬಳಸಲಿಲ್ಲ.
"ಸಾಯೂ ವಿಚಾರ ಇಲ್ರಿ."
ಕೊಲ್ಲಿಯ ಚೂರಿನಲ್ಲಿ ಒಂದು ದೋಣಿ ಬಂದು ಹೋಯಿತು.
"ಏಳೂ ವಿಚಾರನೂ ಇಲ್ಲ."

ಹೊಸ ಹಾಳೆ. ಈ ಸಲ ಪೆನ್ನು ಅವಳ ಕೈಗೇ.
ಎಂಟರ ಮೇಲೆ ಗೆರೆ ಎಳೆದಳು, ನೆಟ್ಟಗೆ, ಸ್ಕೇಲಿಲ್ಲದೆ.
ಅದರ ಮೇಲೆ ಅರ್ಧ ಇಂಚು ಬಿಟ್ಟು ಒಂದು ಚುಕ್ಕಿ:
"ಮಡಿಕಿಗೆ ಇರಲಿ."

ಮನಸ್ಸಿನ ಡಾಕ್ಟರು ಗುರುವಾರ, ಎರಡೂವರೆಗೆ.
ಬಾಗಿಲಲ್ಲಿ ತಿರುಗಿ "ನೀವ ಬರ್ತೀರೇನ್ರಿ?" ಅಂದಳು,
ಯಾರನ್ನು ನೋಡಿಯೂ ಅಲ್ಲ.
ನಿಯಮದಂತೆ ಅದನ್ನೂ ಇಂಗ್ಲಿಷಿಗೆ ದಾಟಿಸಿದೆ.
ತನ್ನನ್ನೇ ಕೇಳಿದ್ದೆಂದುಕೊಂಡು ಬ್ರಾನ್‌ವಿನ್ ಉತ್ತರ ಕೊಟ್ಟಳು.
ನಿಯಮದಂತೆ ಅದನ್ನೂ ಕನ್ನಡಕ್ಕೆ ತಂದೆ:
ನಾನು ಬರುತ್ತೇನೆ.