ಚಕ್ಕುಬಂದಿ

ಮಂಜೇಶ್ವರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಎದುರು
ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ಅಮ್ಮನ ಮೇಜಿಗೆ ಮೂರೇ ಕಾಲು ನೆಟ್ಟಗೆ,
ನಾಲ್ಕನೆಯದರಡಿಗೆ ಹಳೇ ಸ್ಟಾಂಪು ಕಾಯ್ದೆಯ ಪುಸ್ತಕ.
ರಜೆಗೆ ಬಂದ ನಾನು ಇವತ್ತು ಅವಳ ಗುಮಾಸ್ತೆ.

ಪೈವಳಿಕೆಯ ಐತಪ್ಪಣ್ಣ ಬಂದಿದ್ದಾರೆ.
ಪ್ಲಾಸ್ಟಿಕ್ ತೊಟ್ಟೆಯೊಳಗೆ, ಮಡಿಕೆಗಳಲ್ಲಿ ಹರಿದು,
ಮೂವತ್ತೆಂಟನೇ ಇಸವಿಯ ಮೂಲಗೇಣಿ ಚೀಟು.
ಮದ್ರಾಸು ಸರಕಾರದ ಮುದ್ರೆ, ಶಾನುಭೋಗರ ಮೋಡಿ ಬರಹ.
"ವಿಲೇಜ್ ಆಫೀಸಿನಲ್ಲಿ ಹೇಳ್ತಾರೆ ಮಲಯಾಳದಲ್ಲಿ ತನ್ನಿ ಅಂತ.
ನಾನು ಹುಟ್ಟಿದ್ದೇ ಇದರಲ್ಲಿ ಬರೆದ ಗದ್ದೆಯ ಬದಿಯಲ್ಲಿ.
ಮಲಯಾಳದಲ್ಲಿ ಇನ್ನೊಮ್ಮೆ ಹುಟ್ಟಲಿಕ್ಕೆ ಆಗ್ತದಾ?"

ಅಮ್ಮ ನಗದೆ ಕನ್ನಡಕ ಒರೆಸಿ ಓದುತ್ತಾಳೆ:
ಮೂಡು ದೇರಮ್ಮನ ಗದ್ದೆಯ ಕಟ್ಟಹುಣಿ,
ತೆಂಕು ಹರಿವ ತೋಡು,
ಪಡು ಹೊನ್ನೆಮರ, ಬಡಗು ಸರಕಾರಿ ಗುಡ್ಡೆ.
"ಹೊನ್ನೆಮರ ಉಂಟಾ ಈಗ?"
"ಉಂಟು. ನಮ್ಮ ಬಾಗಿಲಿನ ದಾರಂದ ಅದೇ."

ನನ್ನ ಕಡೆ ತಿರುಗಿ, "ಇವಳು ಎಂತ ಕಲಿಯುವುದು?"
"ಲಾ. ಮೂರು ವರ್ಷ ಕೊಚ್ಚಿ, ಎರಡು ವರ್ಷ ಫ್ರಾನ್ಸು.
ಎರಡು ಯೂನಿವರ್ಸಿಟಿ ಸೇರಿ ಕೊಡುವ ಒಂದು ಡಿಗ್ರಿ."
"ಒಂದು ಊಟಕ್ಕೆ ಎರಡು ಎಲೆ!
ಅನ್ನ ಯಾವುದಕ್ಕೆ ಬಡಿಸುವುದು ಮಾರಾಯ್ತಿ?"

ನನಗೂ ಗೊತ್ತಿಲ್ಲ, ಐತಪ್ಪಣ್ಣ.
ಕೊಚ್ಚಿಯಲ್ಲಿ ಕಾನೂನೆಂದರೆ ತೀರ್ಪುಗಳ ಗುಡ್ಡ,
ಎಂದೋ ಸತ್ತ ನ್ಯಾಯಾಧೀಶನ
ಒಂದು ವಾಕ್ಯದ ಬೇರು ಹಿಡಿದು ಏರಬೇಕು.
ಲಿಯೋನಿನಲ್ಲಿ ಕೆಂಪು ರಟ್ಟಿನ ಸಂಹಿತೆ,
ಕಲಮಿನಿಂದ ಕಲಮಿಗೆ ಮೆಟ್ಟಿಲಿಳಿಯಬೇಕು.
ಉತ್ತರಕ್ಕೆ ಎರಡೇ ಭಾಗ, ಭಾಗಕ್ಕೆ ಎರಡೇ ಉಪಭಾಗ,
ಮೂರನೆಯದು ನಿಜವೇ ಇರಲಿ, ಬರೆದರೆ ಅಂಕ ಹೋಯಿತು.
ಅಜ್ಜಿಯಿಂದ ಬಂದ ಹೆಸರು ನನ್ನದು, ಹರಿಣಾಕ್ಷಿ.
ಅಲ್ಲಿ ಅರಿಣಾಕ್ಷಿ.
ಹಕಾರಕ್ಕೆ ವೀಸಾ ಸಿಗಲಿಲ್ಲ.

ಚಳಿಯ ಒಂದು ಬೆಳಗ್ಗೆ ಪ್ರೊಫೆಸರಮ್ಮ ಹೇಳಿದರು:
ಮನುಷ್ಯ ಊರು ಬಿಡುತ್ತಾನೆ, ಒಡವೆ ಕೈ ಬದಲಿಸುತ್ತದೆ,
ನೆಲ ಮಾತ್ರ ಕದಲುವುದಿಲ್ಲ. ಅದಕ್ಕೇ
ನೆಲದ ವ್ಯಾಜ್ಯಕ್ಕೆ ನೆಲವಿರುವಲ್ಲಿನದೇ ಕಾನೂನು.
ಎಲ್ಲರೂ ಬರೆದುಕೊಂಡರು.
ಹರಕು ಫ್ರೆಂಚಿನಲ್ಲಿ ನಾನು ಕೈಯೆತ್ತಿದೆ:
ನಮ್ಮಲ್ಲಿ ಕದಲಿದೆ, ಮದಾಂ.
ಐವತ್ತಾರರ ನವೆಂಬರಿನಲ್ಲಿ, ಒಂದೇ ರಾತ್ರಿಯಲ್ಲಿ,
ಬಾವಿ, ಹಟ್ಟಿ, ಬೈಹುಲ್ಲಿನ ಮೆದೆ ಸಮೇತ.
ಅಜ್ಜಿ ನಿದ್ದೆಯಲ್ಲಿದ್ದಳು.
ಬೆಳಗ್ಗೆ ದನ ಎಂದಿನಷ್ಟೇ ಹಾಲು ಕೊಟ್ಟಿತು.

ತರಗತಿ ನಕ್ಕಿತು. ಅವರು ನಗಲಿಲ್ಲ.
"ನನ್ನ ಅಜ್ಜಿ ಆಲ್ಸಾಸಿನವಳು" ಎಂದರು,
"ಮೂರು ಸಲ ದೇಶ ಬದಲಿಸಿದಳು,
ಅಡುಗೆಮನೆಯಿಂದ ಹೊರಗೆ ಬಾರದೆ."
ಆಮೇಲೆ ಕಪ್ಪುಹಲಗೆಗೆ ಬೆನ್ನು ಮಾಡಿ
ಕಿಟಕಿಯಾಚೆ ನದಿಯನ್ನು ತುಸು ಹೊತ್ತು ನೋಡಿದರು.
ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು.
ನೆಲ ಕದಲುವುದಿಲ್ಲ ಎಂದೇ ಬರೆದು ಬಂದೆ.

ಈಗ ಅಮ್ಮ ಹೇಳುತ್ತಾಳೆ, ನಾನು ಟೈಪಿಸುತ್ತೇನೆ.
ತೆಂಕು ತೆಕ್ಕ್ ಆಗುತ್ತದೆ, ಬಡಗು ವಡಕ್ಕ್,
ಹುಣಿ ವರಂಬಾಗಿ ಅಷ್ಟೇ ಅಗಲ ಮಲಗುತ್ತದೆ.
ಹೊನ್ನೆಗೆ ವೇಂಗ ಎಂದು ಹೊಡೆದೆ,
ಇಲ್ಲದ ಮರ ಇನ್ನೊಂದು ಹೆಸರಿನಲ್ಲಿ
ಇನ್ನೊಮ್ಮೆ ಇಲ್ಲವಾಯಿತು.
ತೋಡಿಗೆ ಬಂದು ಬೆರಳು ನಿಂತಿತು.
"ಎಂತ ಯೋಚನೆ? ತೋಡು ಅಲ್ಲಿಯೂ ತೋಡೇ" ಎಂದಳು ಅಮ್ಮ.

ಯಥಾಪ್ರತಿ ಎಂದು ಕೆಳಗೆ ಸಹಿ ಹಾಕಿದೆ,
ಹಕಾರವನ್ನು ಒತ್ತಿ, ಕಾಗದದ ಬೆನ್ನಿಗೂ ಮೂಡುವಷ್ಟು.
ಐತಪ್ಪಣ್ಣ ತೊಟ್ಟೆ ಬಿಡಿಸಿ ನೋಟು ಎಣಿಸುತ್ತಿದ್ದರು.
ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು.
"ಎರಡು ದೇಶದ ಲಾಯರಮ್ಮ,
ಸರ್ವೆ ನಂಬ್ರ ತಪ್ಪಿದೆ. ಇನ್ನೊಮ್ಮೆ ಹೊಡಿ."