ಸೊಂಟಪಟ್ಟಿ

ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ದಿನಕ್ಕೆ ನಾನೂರು ಸೊಂಟ ಕತ್ತರಿಸುವವನು ನಾನು.
ಬಳ್ಳಾರಿ ಕೌಲ್ ಬಜಾರಿನ ತಗಡಿನ ಸೂರಿನ ಕೆಳಗೆ
ಅರವತ್ತು ಪದರ ಡೆನಿಮ್ ಹಾಸಿ
ಎಂದೂ ನೋಡಿರದ ಮೈಗಳಿಗೆ
ಸೀಮೆಸುಣ್ಣದ ಗೆರೆ ಎಳೆಯುತ್ತೇನೆ.
ನನ್ನದು ನಲವತ್ತೊಂದು.
ಅದು ಟೇಪಿನ ಮಾತು. ಸ್ಕ್ಯಾನಿಂಗ್ ನೋಡಿದ
ಹುಡುಗ ಡಾಕ್ಟರನ ಮಾತು ಬೇರೆ:
"ಲಿವರಿನಾಗ ಕೊಬ್ಬು ಕೂತೈತಿ, ಗಾದಿಲಿಂಗಪ್ಪನವರ."

ಹಂಪಮ್ಮ ಸೆರಗು ಬಾಯಿಗೊತ್ತಿ ನಕ್ಕಳು,
ಅಲ್ಲೇ, ಡಾಕ್ಟರ ಎದುರಿಗೇ.
"ಇಪ್ಪತ್ತೆರಡು ವರ್ಷದಿಂದ ನಾನೂ ಅದನ್ನ ಹೇಳಾಕತ್ತೀನಿ ಸಾರ್,
ಈ ಮನಿಷ್ಯಾಗ ಕೊಬ್ಬು ಜಾಸ್ತಿ ಅಂತ.
ನನ್ನ ಮಾತಿಗೆ ಫಿಲ್ಮ್ ಇರಲಿಲ್ಲ ನೋಡ್ರಿ."

ದಿನಕ್ಕೆ ಮೂರು ಚಮಚ ಎಣ್ಣೆ. ಸಣ್ಣ ಚಮಚ.
ಶೇಂಗಾ ಹಿಂಡಿ ಬಂದ್.
ನಾಲ್ಕು ಗಂಟೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ,
ಇದು ಚೀಟಿಯಲ್ಲಿರಲಿಲ್ಲ;
ನನ್ನ ಮುಖ ನೋಡಿ ಬಾಯಲ್ಲೇ ಸೇರಿಸಿದ.
ಬದಲಿಗೆ ಟೋಫು.
"ಅದೇನ್ರಿ ಅದು?"
"ಸೋಯಾ ಹಾಲು ಒಡೆಸಿದ್ದು."
ಮನೆಗೆ ಬಂದು ಹಂಪಮ್ಮನ ತೀರ್ಪು:
"ನಿನ್ನ ಪಥ್ಯ, ನಿನ್ನ ಒಲಿ. ನಾ ಮುಟ್ಟಾಂಗಿಲ್ಲ."

ಪೊಟ್ಟಣ ಬಿಚ್ಚಿದೆ. ನೀರಲ್ಲಿ ಕೂತಿತ್ತು,
ಬೆಳ್ಳಗೆ, ಸುಮ್ಮನೆ,
ವರ್ಗವಾಗಿ ಬಂದ ಹೊಸ ಮಾಸ್ತರನ ಹಾಗೆ.
ಎತ್ತಿ ಹಿಡಿದೆ. ಹೆಬ್ಬೆರಳ ಗುರುತು ನೀಲಿಯಾಗಿ ಮೂಡಿತು.
ನಿಂಬೆ ಹಚ್ಚಿ, ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ
ಉಗುರಿನ ಬುಡ ಬಿಡದ ಡೆನಿಮ್ ನೀಲಿ
ಇಷ್ಟು ದಿನ ರೊಟ್ಟಿಗೂ ಹತ್ತಿರಲಿಲ್ಲ, ಇದಕ್ಕೆ ಹತ್ತಿತು.
ಕೊಟ್ಟದ್ದನ್ನೆಲ್ಲ ಇಸ್ಕೊಳ್ಳುವ ಪ್ರಾಣಿ ಅಂದುಕೊಂಡೆ.

ಎಲ್ಲಿ? ಸಾರಿಗೆ ಹಾಕಿದರೆ ಒಡೆದು ಗಂಜಿಯಾಯಿತು.
ಮರುದಿನ ಹಂಚಿಗೆ ಹಾಕಿದರೆ
ಎಣ್ಣೆ ಸಾಲದೆ ಹಂಚನ್ನೇ ಅಪ್ಪಿಕೊಂಡಿತು.
ಮಗಳು ತಟ್ಟೆ ನೋಡಿ ಕೇಳಿದಳು,
"ಅಪ್ಪಾ, ಗ್ವಾಡಿ ಸುಣ್ಣ ಕೆರದೀಯೇನು?"

ಮೂರನೇ ದಿನ ಹೊಳೆಯಿತು.
ಪದರ ಸರಿಯದಂತೆ ಬಟ್ಟೆಯ ಮೇಲೆ ಇಡುತ್ತೇನಲ್ಲ,
ಆ ಕಬ್ಬಿಣದ ತೂಕ, ಎರಡೂವರೆ ಕಿಲೋ,
ಮನೆಗೆ ತಂದು ತೊಳೆದೆ.
ಟೋಫುವಿಗೆ ಪಂಚೆಯ ತುಂಡು ಸುತ್ತಿ ಮೇಲೆ ಹೇರಿದೆ.
ಅರ್ಧ ಗಂಟೆಗೆ ತಟ್ಟೆ ತುಂಬ ನೀರು.
ಗಟ್ಟಿ ಇದ್ದೀನಿ ಅಂತ ತೋರಿಸಿಕೊಳ್ಳುತ್ತಾ
ಇಷ್ಟು ನೀರು ಹೊತ್ತು ನಿಂತಿತ್ತು, ಬಡಪಾಯಿ.

ಆಮೇಲೆ ಪುಂಡಿ ಸೊಪ್ಪು.
ಬೇಯಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ,
ಕ್ಯಾನು ಬಗ್ಗಿಸುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು
ಒಂದೇ ಒಂದು ಚಮಚ.
ಸಾಸಿವೆಗೆ ಸಿಟ್ಟು ಬರಲೂ ಸಾಲದಷ್ಟು;
ಬಾಣಲೆ ವಾಲಿಸಿ, ಒಂದು ಮೂಲೆಗೆ ಕೂಡಿಸಿ ಸಿಡಿಸಿದೆ.
ಗಟ್ಟಿಯಾದದ್ದನ್ನು ನೇರ ಗೆರೆಯಲ್ಲಿ ಕತ್ತರಿಸಿದೆ
(ಅದೊಂದನ್ನು ನನಗೆ ಯಾರೂ ಕಲಿಸಬೇಕಿಲ್ಲ),
ಒಂದಿಂಚು, ಒಂದಿಂಚು.
ನೀರು ಖಾಲಿ ಮಾಡಿದ ಮನೆಗೆಲ್ಲ
ಹುಳಿ ಬಂದು ಸಂಸಾರ ಹೂಡಿತು.

ಮಟನ್ ಅಲ್ಲ. ಸುಳ್ಳು ಹೇಳುವುದಿಲ್ಲ.
ಆದರೆ ಬಿಸಿ ಜೋಳದ ರೊಟ್ಟಿಯಲ್ಲಿ ಮುರಿದು ತಿಂದಾಗ
ಎರಡನೇ ರೊಟ್ಟಿಗೆ ಕೈ ತಾನೇ ಹೋಯಿತು,
ಅಷ್ಟು ಹೇಳಬಲ್ಲೆ.
ಹಂಪಮ್ಮ ಮುಟ್ಟಲಿಲ್ಲ. ರಾತ್ರಿ ಬಾಣಲೆಯ ತಳವನ್ನು
ರೊಟ್ಟಿ ಚೂರಿನಿಂದ ಒರೆಸಿ ಬಾಯಿಗಿಟ್ಟು
"ಪುಂಡಿ ಅಷ್ಟ ತಿಂದೆ" ಅಂದಳು.

ನಾಲ್ಕು ಗಂಟೆ ಮಾತ್ರ ಇನ್ನೂ ನಾಲ್ಕು ಗಂಟೆಯೇ.
ಮೂವತ್ತು ಮಷೀನಿನ ಗದ್ದಲ ದಾಟಿ ಬರುತ್ತದೆ
ಖಾಜಾಸಾಬನ ಗಾಡಿಯಲ್ಲಿ
ಮಿರ್ಚಿ ಎಣ್ಣೆಗೆ ಬೀಳುವ ಸದ್ದು.
ಎರಡು ಸಲ ಸೋತಿದ್ದೇನೆ.
ಐದು ಅಂದರೂ ತಪ್ಪಿಲ್ಲ.

ಯುಗಾದಿ ಹೊತ್ತಿಗೆ ಟೇಪು ಮೂವತ್ತೆಂಟೂವರೆ ಅಂದಿತು.
ಹಳೆ ಪ್ಯಾಂಟು ನಿಲ್ಲಲೊಲ್ಲದು; ಹೊಸದು ಕತ್ತರಿಸಲು ಕೂತೆ.
ಆರ್ಡರಿನ ಜೀನ್ಸಿಗೆ ಒಳಗೆ ಬಟ್ಟೆ ಬಿಡುವಂತಿಲ್ಲ,
ಸೇಟು ಇಂಚಿಂಚಿಗೂ ಲೆಕ್ಕ ಕೇಳುತ್ತಾನೆ.
ನನ್ನದಕ್ಕೆ, ಹಿಂಬದಿಯ ಹೊಲಿಗೆಯಲ್ಲಿ,
ಎರಡಿಂಚು ಮಡಚಿ ಬಿಟ್ಟೆ.
"ಇದ್ಯಾರಿಗೆ?" ಅಂದಳು ಹಂಪಮ್ಮ, ಬೆರಳಿಟ್ಟು ನೋಡಿ.
"ಖಾಜಾಸಾಬಗ," ಅಂದೆ.