ಇದ್ದದ್ದು ಇರಲಿ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ಹೊಲಿಗೆಯಂತ್ರ ರಿಪೇರಿಯವನ
ಅಂಗಡಿಯ ಮೇಲೆ ನಮ್ಮ ಪ್ರೆಸ್ಸು.
ಇಪ್ಪತ್ತಾರು ವರ್ಷದಿಂದ ಇಲ್ಲಿ ಕರಡು ತಿದ್ದುತ್ತೇನೆ:
ಲಗ್ನಪತ್ರಿಕೆ, ಸೊಸೈಟಿಯ ವರದಿ, ಚುನಾವಣೆ ಬಂದರೆ ಕರಪತ್ರ,
ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ,
ತಿಮ್ಮೋಜಿಯವರ 'ಉಪ್ಪುಹೊಳೆಯ ಏಳು ಬಾಗಿಲು'.

ಒಂದು ಕೋಟೆ, ಬಾಗಿಲಿಗೊಂದು ಪುಸ್ತಕ. ಮೊದಲ ಪುಟದಲ್ಲೇ
ಮುದುಕಿಯೊಬ್ಬಳು ಬೆರಳು ಮಡಿಚಿ ಲೆಕ್ಕ ಹೇಳಿದ್ದಳು.
ಲೆಕ್ಕ ನಂಬಿ ನಾನು ಒಳಹೊಕ್ಕಿದ್ದೆ.

ಮೂರನೆಯದರಲ್ಲಿ ಕಾಡಿಗೆ ಸತ್ತಿತು.
ಕಾಡಿಗೆ, ಆ ಕಪ್ಪು ಕುದುರೆ,
ಹೊಳೆ ದಾಟಿಸಿ, ಆಚೆ ದಡದಲ್ಲಿ ಮಂಡಿಯೂರಿ,
ಸವಾರಳ ಅಂಗೈ ಮೂಸಿ.
ಕರಡಿನ ಮೇಲೆ ನೀರು ಬಿದ್ದು ಎರಡು ಸಾಲು ಕಲಸಿಹೋಯಿತು.
ಕಂಪೋಸಿಂಗಿನ ಫಿಲೋಮಿನಾ ಬೈದುಕೊಂಡು ಇನ್ನೊಂದು ಪ್ರತಿ ತೆಗೆದಳು,
ತೆಗೆಯುತ್ತ ತಾನೂ ಮೂಗೊರೆಸಿಕೊಂಡಳು.

ಏಳನೆಯ ಬಾಗಿಲು ತೆರೆದ ವರ್ಷ
ಗೋಪಿ ಸರ್ಕಲ್ಲಿನ ಹತ್ತಿರ ಪುಸ್ತಕದಂಗಡಿಗೆ ಹುಡುಗರು ಸಾಲು ನಿಂತರು.
ಬಾಗಿಲಾಚೆ ಏನಿತ್ತು?
ಒಂದು ಅಂಗಳ. ಆಗಷ್ಟೇ ಗುಡಿಸಿದ್ದು. ಗೋಡೆಗೆ ಒರಗಿಸಿಟ್ಟ ಪೊರಕೆ.
ಅಷ್ಟೇ.
ಅಷ್ಟು ಸಾಕಿತ್ತು.

ಮುಂದಿನ ಮಾಘದಲ್ಲಿ ಎಂಟನೆಯದು ಬಂತು.
ಬಾಗಿಲಿಲ್ಲದ ಕಡೆ ಗೋಡೆ ಕೊರೆದಿದ್ದರು.
ಪೊರಕೆಯೊಳಗೆ ಶಾಪ ಹೊತ್ತ ರಾಜಕುಮಾರ.
ಒಂಬತ್ತು ನೆಲಮಾಳಿಗೆ. ಹತ್ತು, ನೆಲಮಾಳಿಗೆಯ ನೆಲಮಾಳಿಗೆ.
ಹನ್ನೊಂದರಲ್ಲಿ ಮುದುಕಿಗೆ ಕೈಬೆರಳು ಹನ್ನೆರಡಿದ್ದವಂತೆ,
ನಾವೇ ಸರಿಯಾಗಿ ನೋಡಿರಲಿಲ್ಲವಂತೆ.
ಹದಿನಾಲ್ಕರಲ್ಲಿ ಔತಣಕ್ಕೇ ನಲವತ್ತು ಪುಟ:
ಬಡಿಸುತ್ತಾರೆ, ಬಡಿಸುತ್ತಾರೆ,
ಯಾರೂ ಎದ್ದು ಕೈ ತೊಳೆಯುವುದಿಲ್ಲ.

ಹದಿನಾರರಲ್ಲಿ ಕಾಡಿಗೆ ಕೆನೆಯಿತು.
ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ಇದು ಸತ್ತಿದೆ. ಭಾಗ ೩, ಪುಟ ೨೧೧.
ಕೋಡುಬಳೆಯ ಪೊಟ್ಟಣ ಹಿಡಿದು ಮೆಟ್ಟಿಲೇರಿ ಬಂದರು ತಿಮ್ಮೋಜಿ.
'ಸತ್ತದ್ದು ತಿರುಗಿ ಬಂದರೆ ಬೇಡ ಅನ್ನೋರು ಯಾರು, ಸುಗಂಧಮ್ಮ?'
ನಾನು, ಅಂದೆ.
ಬಾಯಲ್ಲಿ ಅವರದೇ ಕೋಡುಬಳೆ ಇತ್ತು, ಕೇಳಿಸಿರಲಿಕ್ಕಿಲ್ಲ.

ಹೊಸನಗರ ಬಸ್ಸಿನ ಕಂಡಕ್ಟರ್ ಹಾಲಸಿದ್ದಪ್ಪ,
ಒಂದನೆಯ ಭಾಗವನ್ನು ಹೈಸ್ಕೂಲಿನ ಬೆಂಚಿನಡಿ ಓದಿದವನು,
ಈಗಲೂ ಪ್ರೆಸ್ಸಿಗೇ ಬಂದು ಮೊದಲ ಪ್ರತಿ ಒಯ್ಯುತ್ತಾನೆ.
'ಹೆಂಗಿತ್ತೋ, ಹೋದ ವರ್ಷದ್ದು?'
'ಓದಲ್ಲ ಕಣಕ್ಕ, ಹನ್ನೊಂದಕ್ಕೇ ಬಿಟ್ಟೆ.
ಹಲಗೆ ಮೇಲೆ ಸಾಲು ಮುರೀಬಾರ್ದಲ್ಲ, ಅದಕ್ಕೆ.'
ಚಿಲ್ಲರೆ ಮಾತ್ರ ಸರಿಯಾಗಿ ಎಣಿಸಿ ಕೊಡುತ್ತಾನೆ.

ಒಮ್ಮೆ ಕೇಳಿಯೂ ಕೇಳಿದೆ: ಏಳಕ್ಕೆ ಯಾಕೆ ನಿಲ್ಲಿಸಲಿಲ್ಲ?
'ನಿಲ್ಲಿಸಿದ್ದೆ ಮಾರಾಯ್ತಿ, ಮೂರು ತಿಂಗಳು.
ಬೆಳಗಿನ ಜಾವ ಐದಕ್ಕೆ ಎಚ್ಚರ ಆಗೋದು.
ಕೈಯಲ್ಲಿ ಪೊರಕೆ ಇರೋದು,
ಅಂಗಳ ಗುಡಿಸಿ ಆಗಿರೋದು.'

ಇಪ್ಪತ್ತರ ಕೊನೆಯ ಪುಟ ನಿನ್ನೆ ಬಂತು.
ಕಾಗುಣಿತ ಒಂದೂ ತಪ್ಪಿಲ್ಲ. ಅದೇ ಬೇಸರ.
ಕಟ್ಟಕಡೆಗೆ, ಪ್ರತಿ ಸಲದ ಹಾಗೆ, ಆ ಒಂದೇ ಪದ:
ಮುಂದುವರಿಯುವುದು.
ಪೆನ್ನು ಅದರ ಮೇಲೆ ಗೆರೆ ಎಳೆಯಿತು. ನಾನು ತಡೆಯಲಿಲ್ಲ.
ಅಂಚಿನಲ್ಲಿ ಸುರುಳಿ ಸುತ್ತಿ ಬಾಲ ಬಿಟ್ಟಿತು: ತೆಗೆಯಿರಿ.

ಇವತ್ತು ಕರಡು ಮರಳಿದೆ.
ಬೈಗುಳವಿಲ್ಲ. ಕೋಡುಬಳೆಯೂ ಇಲ್ಲ.
ಹೊಡೆದ ಪದದ ಅಡಿಗೆ ಪೆನ್ಸಿಲಿನಲ್ಲಿ,
ಕೈ ನಡುಗಿ ಒಂದು ಮೇಲೆ ಒಂದು ಕೆಳಗೆ,
ಸಾಲು ಚುಕ್ಕಿ.
ಮೊದಲ ಭಾಗದ ಕಾಲಕ್ಕೆ ನಾನೇ ಕಲಿಸಿದ ಗುರುತು:
ತಿದ್ದಿದ್ದು ಬೇಡ, ಇದ್ದದ್ದು ಇರಲಿ.

ಎಣಿಸಿದೆ. ಅಕ್ಷರಕ್ಕೊಂದು, ಏಳು.
ಆಮೇಲೆ, ಪದ ದಾಟಿ,
ಖಾಲಿ ಕಾಗದದ ಮೇಲೆ ಇನ್ನೊಂದು.